ದೊರೆಸಾನಿಯ ಕೂದಲಿನ ಕಂಕಣ

ಕಾಮನಬಿಲ್ಲಿಗೆ ಹಳದಿ ಬಣ್ಣ ಹಾಕಿಕೊಟ್ಟವನು ನಾನು. ಅದಕ್ಕೂ ಮೊದಲು ಅದರಲ್ಲಿ ಆರೇ ಬಣ್ಣ ಇದ್ದವು. ಬೇಕಾದರೆ ಗಬ್ಬೂರಿನ ಯಾವ ಮುದುಕರನ್ನಾದರೂ ಕೇಳಿ ನೋಡಿ, ನೆನಪಿಲ್ಲ ಅನ್ನುತ್ತಾರೆ. ಅಷ್ಟು ಹಿಂದಿನ ಮಾತು. ಒಂದು ಶ್ರಾವಣದ ಸಂಜೆ ಅರಿಶಿನದ ಹಂಡೆ ತೊಳೆದು ಆ ನೀರನ್ನು ಬೀಸಿ ಎಸೆದೆ. ನನ್ನ ತೋಳಿನ ಬಲ ನನಗೇ ಗೊತ್ತಿರಲಿಲ್ಲ. ನೀರು ಮೇಲೆ ಹೋದದ್ದು ಕೆಳಗೆ ಬರಲೇ ಇಲ್ಲ. ಧಾರವಾಡದಲ್ಲಿ ಜನ ಕೊಡೆ ಮಡಚಿ ನಿಂತು ನೋಡಿದರಂತೆ.

ನನ್ನ ಹೆಸರು ಮೈಲಾರಪ್ಪ. ಹುಬ್ಬಳ್ಳಿಯ ಗಿರಣಿಯ ಸಿಳ್ಳು ಗಾಳಿ ತಿರುಗಿದಾಗ ಮಾತ್ರ ಕೇಳಿಸುವಷ್ಟು ದೂರದಲ್ಲಿ, ಗಬ್ಬೂರಿನ ಆಚೆ ನಮ್ಮ ಕುರಿಹಟ್ಟಿ. ಆರು ಸಾವಿರ ಕುರಿ. ಎಣಿಸಲು ಬಂದ ತಲಾಟಿಯ ಕಣ್ಣಿಗೆ ಅರವತ್ತರ ಹೊತ್ತಿಗೆ ಧೂಳು ಬಿದ್ದುದರಿಂದ ಸರಕಾರದ ಕಾಗದದಲ್ಲಿ ಅರವತ್ತೇ ಉಳಿದವು. ನಾನು ಜಗಳಕ್ಕೆ ಹೋಗಲಿಲ್ಲ.

ನಮ್ಮ ಕಡೆಯ ಕುರಿಗಳು ಕರಿಯವು. ಕರಿ ಉಣ್ಣೆಗೆ ಯಾವ ಬಣ್ಣವೂ ಹತ್ತುವುದಿಲ್ಲ. ಹಾಗಾಗಿ ಎಲ್ಲರೂ ಉಣ್ಣೆ ಕತ್ತರಿಸಿದರು, ನೂತರು, ಕರಿ ಕಂಬಳಿ ನೇಯ್ದರು, ಹೊದ್ದು ಮಲಗಿದರು. ನಾನೊಬ್ಬನೇ ಹಿಂಡಿನಲ್ಲಿ ಅಲ್ಲೊಂದು ಇಲ್ಲೊಂದು ಹುಟ್ಟುವ ಬಿಳಿ ಕುರಿಗಳ ಉಣ್ಣೆ ಆರಿಸಿಟ್ಟು ಬಣ್ಣ ಹಾಕುತ್ತಿದ್ದೆ. ಮುತ್ತಲದ ಹೂವಿನಿಂದ ಕೇಸರಿ, ಅರಿಶಿನದಿಂದ ಹಳದಿ, ನೀಲಿ ಗಿಡದಿಂದ ನೀಲಿ. ಅದರಿಂದ ಕಂಬಳಿಗೆ ಅಂಚು ಮಾಡುತ್ತಿದ್ದೆ, ಎತ್ತಿನ ಕೊಂಬಿಗೆ ಗೊಂಡೆ ಕಟ್ಟುತ್ತಿದ್ದೆ. ನನ್ನ ಗೊಂಡೆ ಕಟ್ಟಿಸಿಕೊಂಡ ಎತ್ತು ಆಮೇಲೆ ನೇಗಿಲು ಎಳೆಯಲು ಒಪ್ಪುತ್ತಿರಲಿಲ್ಲ; ಮೆರವಣಿಗೆ ಇದ್ದರೆ ಕರೆಯಿರಿ ಎಂಬಂತೆ ಮುಖ ತಿರುಗಿಸುತ್ತಿತ್ತು.

ಇವುಗಳ ನಡುವೆ ದೊರೆಸಾನಿ ಎಂಬ ಒಂದು ಆಡು. ದನದ ದವಾಖಾನೆಯ ಡಾಕ್ಟರರೊಬ್ಬರು ಎಲ್ಲಿಂದಲೋ ತರಿಸಿಕೊಂಡಿದ್ದು. ಅವರಿಗೆ ವರ್ಗವಾದಾಗ ನಮ್ಮ ಹಟ್ಟಿಯಲ್ಲಿ ಬಿಟ್ಟುಹೋದರು. ಹಾಲಿನಂಥ ಬಿಳುಪು. ಕೂದಲು ಗುಂಗುರು ಗುಂಗುರಾಗಿ ಮೊಣಕಾಲಿನವರೆಗೆ ಇಳಿಬಿದ್ದು ರೇಷ್ಮೆಯಂತೆ ಹೊಳೆಯುತ್ತಿತ್ತು. ಡಾಕ್ಟರರು ಆ ಕೂದಲಿಗೆ ಮೊಹೇರ್ ಅನ್ನುತ್ತಿದ್ದರು, ನಾವು ದೊರೆಸಾನಿ ಕೂದಲು ಅನ್ನುತ್ತಿದ್ದೆವು. ಅವಳು ತುರ್ಕಸ್ತಾನದ ಸುಲ್ತಾನನ ಮನೆಯಿಂದ ಮುನಿಸಿಕೊಂಡು ಸಮುದ್ರ ಈಜಿ ಬಂದವಳು ಎಂದು ನಾನು ಹೇಳುವುದುಂಟು. ಡಾಕ್ಟರರು ಪುಣೆ ಅಂದಿದ್ದರು. ಸುಲ್ತಾನ ಪುಣೆಗೆ ಬಂದಿದ್ದಿರಬಹುದು.

ಹುಬ್ಬಳ್ಳಿ, ಧಾರವಾಡ ಎರಡನ್ನೂ ಕೂಡಿಸಿ ಸರಕಾರ ಒಂದೇ ಮಹಾನಗರಪಾಲಿಕೆ ಮಾಡಿದ ವರ್ಷ ನನ್ನ ಮಗಳು ಶೇವಂತೆವ್ವನಿಗೆ ಸಂಬಂಧ ಬಂತು. ಹುಡುಗ ಸುಳ್ಳ ಎಂಬ ಊರಿನ ಗಂಗಪ್ಪನವರ ಮಗ ಬೀರಪ್ಪ. ಹತ್ತಿಯ ಗಾಡಿ ಹೊಡೆದುಕೊಂಡು ಹುಬ್ಬಳ್ಳಿ ಪೇಟೆಗೆ ಬಂದಾಗಲೆಲ್ಲ ನನ್ನ ಹತ್ತಿರ ಗೊಂಡೆ ಕೊಳ್ಳುತ್ತಿದ್ದ. ಇರುವುದು ಎರಡೇ ಎತ್ತು. ಕೊಂಡ ಗೊಂಡೆಯಲ್ಲಿ ಸುಳ್ಳದ ಎತ್ತುಗಳೆಲ್ಲ ಸಿಂಗಾರವಾಗಬಹುದಿತ್ತು. ನನ್ನ ಬಣ್ಣಕ್ಕೆ ಮರುಳಾದ ಎಂದು ನಾನು ಬೀಗಿದೆ. ಗೊಂಡೆ ಎತ್ತಿಕೊಡುತ್ತಿದ್ದವಳು ಶೇವಂತಿ ಎಂಬುದನ್ನು ನನ್ನ ಹೆಂಡತಿ ಗುಡ್ಡವ್ವ ಹೇಳಬೇಕಾಯಿತು.

ಎಲ್ಲ ಕೂಡಿ ಬಂತು, ಕಂಕಣವೊಂದು ಕೂಡಲಿಲ್ಲ. ನಮ್ಮ ಕುರುಬರಲ್ಲಿ ಮದುವೆಯ ದಿನ ವಧೂವರರ ಕೈಗೆ ಉಣ್ಣೆಯ ದಾರ ಕಟ್ಟುವವರು ಉಣ್ಣೆ ಕಂಕಣದವರು, ಹತ್ತಿಯ ದಾರ ಕಟ್ಟುವವರು ಹತ್ತಿ ಕಂಕಣದವರು. ದೇವರು ಒಂದೇ, ಡೊಳ್ಳು ಒಂದೇ, ಆದರೆ ಹೆಣ್ಣು ಕೊಟ್ಟು ತರುವ ರೂಢಿ ಹಿಂದೆ ಇರಲಿಲ್ಲ. ಕಾಲ ಬದಲಾಗಿತ್ತು, ಕೊಡೋಣ, ತರೋಣ ಎಂದು ಎರಡೂ ಕಡೆ ಒಪ್ಪಿದ್ದರು. ಕಟ್ಟುವ ದಾರ ಯಾವುದು ಎಂಬಲ್ಲಿಗೆ ಬಂದು ನಿಂತಿತು.

ಮಾತುಕತೆಗೆ ಸುಳ್ಳಕ್ಕೆ ಹೋದೆವು. ನಾನು, ಗುಡ್ಡವ್ವ, ನನ್ನ ಅಣ್ಣ ಹುಲಗಪ್ಪ. ಪಡಸಾಲೆಯಲ್ಲಿ ಗಂಗಪ್ಪನವರ ತಾಯಿ ಸಾವಕ್ಕ ರಾಟಿಯ ಮುಂದೆ ಕುಳಿತಿದ್ದರು. ಎಲ್ಲರೂ ಅವರನ್ನು ಆಯಿ ಅನ್ನುತ್ತಿದ್ದರು. ಬಾಯಿ ತುಂಬ ಎಲೆ ಅಡಿಕೆ. ಸುಣ್ಣ ಹಚ್ಚಿ ಹಚ್ಚಿ ಬಲಗೈ ಹೆಬ್ಬೆರಳು ಯಾವಾಗಲೂ ಬೆಳ್ಳಗೆ.

"ಹುಡುಗಿ ಛಲೋ ಅದಾಳ. ಮನೀನೂ ಛಲೋ ಐತಿ. ಕಂಕಣ ಮಾತ್ರ ಹತ್ತೀದು," ಅಂದರು ಆಯಿ.

"ನಮ್ಮ ಮನಿತನದಾಗ ಉಣ್ಣಿ ಬಿಟ್ಟು ಬ್ಯಾರೆ ದಾರ ಕೈಗೆ ಕಟ್ಟಿಲ್ರಿ," ಅಂದ ಹುಲಗಪ್ಪ.

"ಉಣ್ಣಿ ಅಂದ್ರ ಯಾವುದಪಾ? ಕುರಿ ಬೆನ್ನ ಮ್ಯಾಲ ಬೆಳಿತೈತಲ್ಲ, ಅದೋ? ಕುರಿ ಕಿವ್ಯಾಗ ಕುಂತು ರಕ್ತ ಹೀರ್ತೈತಲ್ಲ, ಅದೋ?"

ಪಡಸಾಲೆಯೆಲ್ಲ ನಕ್ಕಿತು. ಹುಲಗಪ್ಪ ಹೆಗಲ ಮೇಲಿನ ಕಂಬಳಿ ಝಾಡಿಸಿ ಎದ್ದ. "ಹತ್ತಿ ಕಟ್ಟಿದ್ರ ಗಬ್ಬೂರಾವ್ರು ಒಬ್ಬರೂ ಹಂದರದಾಗ ಕಾಲಿಡಂಗಿಲ್ಲ, ಹೇಳೇನಿ."

"ಉಣ್ಣಿ ಕಟ್ಟಿದ್ರ ನಾ ಅಕ್ಕಿಕಾಳು ಹಾಕಂಗಿಲ್ಲ. ನಾನೂ ಹೇಳೇನಿ."

ಗಂಗಪ್ಪನವರು "ಯವ್ವಾ, ಒಂದೀಟ..." ಎಂದು ಬಾಯಿ ತೆರೆದರು. ಆಯಿ ನೋಡಿದ ನೋಟಕ್ಕೆ ಅದು ಹಾಗೇ ಮುಚ್ಚಿಕೊಂಡಿತು. ಇಷ್ಟು ಜನರ ಮುಂದೆ ಆಡಿದ ಮಾತು. ಇನ್ನು ಇಬ್ಬರೂ ಹಿಂದೆ ಸರಿಯುವಂತಿಲ್ಲ. ಆಗ ನಾನು ಎದ್ದು ನಿಂತೆ. ನಾನು ಎದ್ದು ನಿಂತರೆ ಜಂತಿ ತಲೆಗೆ ತಾಗುತ್ತದೆ.

"ಇಬ್ಬರೂ ಕೂಡ್ರಿ. ನಾ ಒಂದ ದಾರ ಮಾಡಿ ತರತೇನಿ. ಅದನ್ನ ನೋಡಿ ಆಯಿ ತಮ್ಮ ಬಾಯಿಲೇ ಹತ್ತಿ ಅನ್ನಬೇಕು. ಅದೇ ದಾರ ನೋಡಿ ನಮ್ಮಣ್ಣ ಉಣ್ಣಿ ಅನ್ನಬೇಕು. ಹಂಗಾಗಲಿಲ್ಲಂದ್ರ ಈ ಮದುವಿ ಮಾತು ಇಲ್ಲಿಗೇ ಬಿಟ್ಟು ಬಿಡೋಣು."

ಗುಡ್ಡವ್ವ ನನ್ನ ಬೆನ್ನಿಗೆ ಚಿವುಟಿದಳು. ಮೆಚ್ಚುಗೆಯಿಂದ ಎಂದುಕೊಂಡೆ.

ಊರಿಗೆ ಬಂದಾಗ ಶೇವಂತಿ ಕುರಿಮರಿಗೆ ಸೊಪ್ಪು ಹಾಕುತ್ತ ನಿಂತಿದ್ದಳು. ಆಗಿದ್ದನ್ನೆಲ್ಲ ಕೇಳಿ, ಮುಖ ಎತ್ತದೆ, "ಯಪ್ಪಾ, ದಾರ ಯಾವುದರ ಇರಲಿ. ಕಟ್ಟೋ ಕೈ ಮಾತ್ರ ಬದಲಾಗಬಾರದು," ಅಂದಳು. ಅಷ್ಟು ಮಾತಾಡಿದ್ದೇ ಹೆಚ್ಚು. ಆಮೇಲೆ ಅದೇ ಮರಿಗೆ ಅದೇ ಸೊಪ್ಪನ್ನು ಮತ್ತೆ ಮತ್ತೆ ಎತ್ತಿ ಹಾಕಿದಳು.

ಕೆಲಸಕ್ಕೆ ಇಳಿದೆ. ಮದುವೆಯ ದಾರ ಅಂದರೆ ಗೇಣುದ್ದದ್ದಲ್ಲ. ವಧೂವರರನ್ನು ಕೂರಿಸಿ, ನಾಲ್ಕು ಮೂಲೆಗೆ ತಂಬಿಗೆ ಇಟ್ಟು, ಸುತ್ತಲೂ ದಾರ ಸುತ್ತಿ ಸುರಗಿಯ ನೀರು ಹಾಕುತ್ತಾರೆ. ಅದೇ ದಾರ ಬಿಚ್ಚಿ ಹೊಸೆದು ಕಂಕಣ ಕಟ್ಟುತ್ತಾರೆ. ಅಷ್ಟಕ್ಕೆಲ್ಲ ದೊರೆಸಾನಿಯ ಕೂದಲೇ ಸರಿ: ಹತ್ತಿಯಷ್ಟು ಬಿಳುಪು, ಕಣ್ಣಿಗೆ ಹತ್ತಿಗಿಂತ ನುಣುಪು, ಆದರೂ ಜೀವ ಇರುವ ಮೈಯ ಮೇಲೆ ಬೆಳೆದ ಉಣ್ಣೆ.

ಅವಳನ್ನು ಹಿಡಿದು ಕತ್ತರಿಸಿದೆ. ಒಂದು ಸಲ ಒದ್ದಳು, ನಾನು ನೂಲ್ವಿ ಊರಿನ ಹತ್ತಿರ ಹೋಗಿ ಬಿದ್ದೆ. ಮೈ ಝಾಡಿಸಿಕೊಂಡು ನಡೆದು ಬಂದು ಉಳಿದರ್ಧ ಕತ್ತರಿಸಿದೆ. ಅಂಟವಾಳದ ಕಾಯಿಯ ನೊರೆಯಲ್ಲಿ ಕೂದಲು ತೊಳೆದೆ. ಅರಿಶಿನದ ಕೊಂಬು ಕುಟ್ಟಿ ಜಾಲಾಡಿ, ಹಂಡೆಯ ನೀರಿಗೆ ಕಲಸಿ, ಒಲೆ ಹೊತ್ತಿಸಿದೆ. ಬಣ್ಣ ಹಾಕುವವನಿಗೆ ಬೆಂಕಿಯ ಭಾಷೆ ಗೊತ್ತಿರಬೇಕು. ನನಗೆ ಬೆಂಕಿ ಕೇಳಿ ಉರಿಯುತ್ತಿತ್ತು.

ನಡುವೆ ಒಂದು ಹೆಚ್ಚಿನ ಕೆಲಸವನ್ನೂ ಮಾಡಿದೆ. ಮದುಮಗ ಕುಳಿತುಕೊಳ್ಳಲಿ ಎಂದು ಅದೇ ಕೂದಲಿನಿಂದ ಒಂದು ಹಳದಿ ಗದ್ದುಗೆ. ನೂಲಿಲ್ಲ, ಮಗ್ಗವಿಲ್ಲ, ಸೂಜಿಯಿಲ್ಲ. ಜೋಳದ ರೊಟ್ಟಿಯಂತೆ ದುಂಡಗೆ, ರೊಟ್ಟಿಗಿಂತ ದಪ್ಪಗೆ. ಅಂಥದ್ದನ್ನು ಮಾಡಬಲ್ಲವರು ಭೂಮಿಯ ಮೇಲೆ ಇನ್ನೊಬ್ಬರಿಲ್ಲ. ಮಾಡಬೇಕೆಂದು ಯಾರಿಗೂ ಅನ್ನಿಸಿಯೂ ಇರಲಿಲ್ಲ.

ದಾರ ಬಂತು ನೋಡಿ, ಎಳೆ ಬಿಸಿಲನ್ನು ಹಿಡಿದು ಹೊಸೆದಂತೆ. ಅದರ ತುದಿಯಲ್ಲಿ ಒಂದೇ ಒಂದು ಕೆಂಪು ಚಿಕ್ಕೆ. ಅದು ನನ್ನ ಮುದ್ರೆ. ದೊಡ್ಡ ಕೆಲಸಗಾರರು ಹೆಸರು ಬರೆಯುವುದಿಲ್ಲ, ಗುರುತು ಬಿಡುತ್ತಾರೆ.

ವೈಶಾಖದ ಒಂದು ಬೆಳಿಗ್ಗೆ ಹಂದರ ತುಂಬಿತು. ಬಲಗಡೆ ಸುಳ್ಳದವರು, ಎಡಗಡೆ ಗಬ್ಬೂರಿನವರು, ನಡುವೆ ಒಂದು ಗಾಡಿ ಹೋಗುವಷ್ಟು ಜಾಗ. ಹಳದಿ ಗದ್ದುಗೆಯ ಮೇಲೆ ಬೀರಪ್ಪ, ಪಕ್ಕದಲ್ಲಿ ಕಂಬಳಿಯ ಮೇಲೆ ಶೇವಂತಿ. ಅವಳ ಕೈ ಮಡಿಲಲ್ಲಿ ಸುಮ್ಮನಿರಲಿಲ್ಲ, ಸೆರಗಿನ ತುದಿಯನ್ನು ಸುತ್ತಿ ಬಿಚ್ಚಿ ಸುತ್ತಿ ಬಿಚ್ಚಿ ಮಾಡುತ್ತಿತ್ತು. ನಾನು ದಾರದ ಉಂಡೆಯನ್ನು ಹರಿವಾಣದಲ್ಲಿಟ್ಟು ಎತ್ತಿ ತೋರಿಸಿದೆ.

ಹುಲಗಪ್ಪ ಮುಟ್ಟಿ ನೋಡಿದ, ಕೆನ್ನೆಗೆ ಒತ್ತಿ ನೋಡಿದ. "ಇಷ್ಟು ಹೊಳಿತೈತಿ. ಇದರಾಗ ಉಣ್ಣಿ ಐತೇನೋ ತಮ್ಮಾ?"

ಗಂಗಪ್ಪನವರು ತಿರುವಿ ನೋಡಿದರು. "ಹತ್ತಿ ಅನ್ನಾಕ ಧೈರ್ಯ ಸಾಲವಲ್ದು, ಬೀಗರ."

ಸಾವಕ್ಕಾಯಿ ಕೋಲೂರಿಕೊಂಡು ಮುಂದೆ ಬಂದರು. "ಕೈಲೇ ಮುಟ್ಟಿದ್ರ ಏನ ತಿಳಿತೈತಿ? ದಾರದ ಜಾತಕ ಬೆಂಕೀನ ಹೇಳಬೇಕು. ದೀಪ ತರ್ರಿ."

ಇಲ್ಲಿ ಒಂದು ಮಾತು ತಿಳಿದಿರಬೇಕು. ಹತ್ತಿಯ ದಾರ ಸುಟ್ಟರೆ ಬತ್ತಿಯಂತೆ ಕೆಂಡ ಹಿಡಿದು ಮೆತ್ತಗಿನ ಬೂದಿ ಬೀಳುತ್ತದೆ, ವಾಸನೆಯಿಲ್ಲ. ಉಣ್ಣೆ ಸುಟ್ಟರೆ ಮುರುಟಿ ಕಪ್ಪು ಮಣಿ ಕಟ್ಟುತ್ತದೆ, ತಲೆಗೂದಲು ಸುಟ್ಟ ನಾತ ಊರಿಗೆಲ್ಲ ಹೋಗುತ್ತದೆ. ಹತ್ತಿ ನೂಲುವವರಿಗೂ ಕುರಿ ಕಾಯುವವರಿಗೂ ಇದನ್ನು ಹೇಳಿಕೊಡಬೇಕಾಗಿಲ್ಲ. ನಾನು ಗುಡ್ಡದಂತೆ ನಿಂತಿದ್ದೆ. ನನ್ನ ಧೋತರ ಅಲುಗಾಡುತ್ತಿತ್ತು, ಗಾಳಿ ಬಹಳ ಇತ್ತು.

ಆಯಿ ದಾರದ ಕೊನೆಯನ್ನು ದೀಪಕ್ಕೆ ಹಿಡಿದರು. ಚುರ್ ಅಂದಿತು. ಹೊಗೆ ಎಡಕ್ಕೆ ಹೋಯಿತು. ಹುಲಗಪ್ಪನ ಮೂಗು ಅರಳಿತು, ಕಣ್ಣು ಅರಳಿತು.

"ಉಣ್ಣೀ! ಏ, ಖರೇ ಉಣ್ಣೀನ ಐತಲೇ! ನಾತ ನೋಡ್ರೋ, ಏನ ಛಂದ ನಾತ!"

ಗಬ್ಬೂರಿನವರೆಲ್ಲ ಹೋ ಎಂದರು. ಸುಳ್ಳದವರು ಆಯಿಯ ಮುಖ ನೋಡಿದರು. ಶೇವಂತಿಯ ಕೈ ನಿಂತುಬಿಟ್ಟಿತು. ಆಯಿ ಮಾತ್ರ ಉರಿದ ತುದಿಯನ್ನೇ ನೋಡುತ್ತಿದ್ದರು. ಅದು ಆರಿರಲಿಲ್ಲ. ಒಂದು ಸಣ್ಣ ಕೆಂಡ ಬತ್ತಿಯಂತೆ ಮೆಲ್ಲಗೆ ಹಿಂದಕ್ಕೆ ತೆವಳುತ್ತಿತ್ತು. ಆಯಿ ಅಂಗೈ ಚಾಚಿದರು. ಬೂದಿ ಬಿತ್ತು, ಬೆಳ್ಳಗಿನ, ಮೆತ್ತಗಿನ ಬೂದಿ. ಅದನ್ನು ಸುಳ್ಳದವರಿಗೆಲ್ಲ ಕಾಣುವಂತೆ ಮೇಲೆತ್ತಿ ಹಿಡಿದರು.

"ಹತ್ತಿ," ಅಂದರು. "ಐವತ್ತ ವರ್ಷ ರಾಟಿ ತಿರುವೇನಿ. ಇದು ಹತ್ತಿ ಅಲ್ಲಂದ್ರ ನನ್ನ ಹೆಸರು ಸಾವಕ್ಕ ಅಲ್ಲ."

ಡೊಳ್ಳು ಯಾವ ಕಡೆಯಿಂದ ಮೊದಲು ಶುರುವಾಯಿತೋ ಹೇಳಲಾರೆ. ನಡುವಿನ ಗಾಡಿದಾರಿ ಮುಚ್ಚಿಹೋಯಿತು. ಹುಲಗಪ್ಪ ಗಂಗಪ್ಪನವರನ್ನು ಎತ್ತಿಕೊಂಡೇ ಕುಣಿದ. ಆಯಿ ಹಿಡಿ ತುಂಬ ಅಕ್ಕಿಕಾಳು ತೆಗೆದುಕೊಂಡು, ಎಲ್ಲರಿಗಿಂತ ಮೊದಲು, ಕಂಕಣ ಕಟ್ಟುವ ಮುಂಚೆಯೇ ಹಾಕಿಬಿಟ್ಟರು. ಬೀರಪ್ಪನ ಕೈಗೂ ಶೇವಂತಿಯ ಕೈಗೂ ಒಂದೇ ಉಂಡೆಯ ದಾರ ಬಿತ್ತು. ಜನ ನನ್ನನ್ನು ಹೆಗಲ ಮೇಲೆ ಹೊತ್ತು ಗಬ್ಬೂರೆಲ್ಲ ಮೆರೆಸಿದರು. ಸರಕಾರ ಎರಡು ಊರು ಕೂಡಿಸಲು ಎಷ್ಟು ಕಾಗದ ಬರೆಯಿತು! ನಾನು ಒಂದು ದಾರದಲ್ಲಿ ಮುಗಿಸಿದ್ದೆ.

ಹ್ಞಾಂ, ಹೇಳುವುದು ಮರೆತೆ. ಕೂದಲಿನ ಎಳೆಯ ಜೊತೆ ಹತ್ತಿಯ ಎಳೆಯೊಂದನ್ನು ಸೇರಿಸಿ ಹೊಸೆದಿದ್ದೆ. ಅರಿಶಿನ ಎರಡಕ್ಕೂ ಒಂದೇ ಥರ ಹತ್ತುತ್ತದೆ, ನೋಡಿದರೆ ಬೇರೆ ತಿಳಿಯುವುದಿಲ್ಲ. ಅದು ನನ್ನ ತಲೆಯಲ್ಲಿ ಮೊದಲಿನಿಂದಲೂ ಇತ್ತು.

ಈ ಕತೆಯನ್ನು ಹುಬ್ಬಳ್ಳಿ ಪೇಟೆಯಲ್ಲಿ, ಕಂಬಳಿ ಸಂತೆಯಲ್ಲಿ, ಲಕಮನಹಳ್ಳಿಯ ನೆಂಟರ ಮನೆಯಲ್ಲಿ, ಹೇಳದ ಕಡೆ ಇಲ್ಲ. ಕೊನೆಗೆ ಮೊಮ್ಮಗನ ತೊಟ್ಟಿಲ ದಿನ ಹೇಳಲು ಕುಳಿತೆ. ಶೇವಂತಿ ಬಾಣಂತನಕ್ಕೆ ಗಬ್ಬೂರಿಗೆ ಬಂದಿದ್ದಳು. ತೊಟ್ಟಿಲು ಕಟ್ಟುತ್ತಿದ್ದರು; ಕೂಸು ಹಳದಿ ಗದ್ದುಗೆಯ ಮೇಲೆ ಕಾಲು ಬಡಿಯುತ್ತ ಮಲಗಿತ್ತು. ಎರಡೂ ಕಡೆಯ ಬೀಗರು ಸೇರಿದ್ದರು. ಸಾವಕ್ಕಾಯಿ ಎಲೆಗೆ ಸುಣ್ಣ ಹಚ್ಚುತ್ತ ಪೂರ್ತಿ ಕೇಳಿದರು.

"ಭಾಳ ಛಲೋ ಹೇಳಿದ್ರಿ ಬೀಗರ. ಆ ಕೆಂಪು ಚಿಕ್ಕಿ ಹೆಂಗ ಹಾಕಿದ್ರಿ, ಅದೊಂದ ಹೇಳಲಿಲ್ಲ."

"ಅದೇನ ಸಾದಾ ಕೆಲಸ ಅಲ್ಲ ಆಯಿ. ಏಳು ಬಾವಿ ನೀರಾಗ ಅರಗು ಕಾಸಿ, ನವಿಲುಗರಿ ತುದೀಲೇ ಮುಟ್ಟಿಸಿದೆ. ಉಸಿರು ಬಿಟ್ಟಿದ್ರ ಕೆಡ್ತಿತ್ತು. ಅದಕ್ಕ ಮುಂಜಾನಿಂದ ಸಂಜೀತನಕ ಉಸಿರ ಬಿಡಲಿಲ್ಲ."

"ಹೌದೇನ್ರಿ? ಭಾಳ ನಾಜೂಕ ಕೆಲಸ," ಅಂದರು ಆಯಿ. ಸುಣ್ಣದ ಡಬ್ಬಿಯಲ್ಲಿ ಹೆಬ್ಬೆರಳು ಅದ್ದಿ, ಕೂಸಿನ ಕಾಲ ಬಳಿ ಗದ್ದುಗೆಯ ಅಂಚಿಗೆ ಮೆಲ್ಲಗೆ ಒತ್ತಿ ತೆಗೆದರು. ಅರಿಶಿನಕ್ಕೆ ಸುಣ್ಣ ತಾಗಿದರೆ ಏನಾಗುತ್ತದೆಂದು ಕುಂಕುಮ ಮಾಡುವ ಎಲ್ಲರಿಗೂ ಗೊತ್ತು. ಹಳದಿಯ ಮೇಲೆ ಕೆಂಪು ಚಿಕ್ಕೆ ಅರಳಿತು. ಅದೇ ಕೆಂಪು, ಅದೇ ಅಳತೆ.

"ನನಗ ನವಿಲುಗರಿ ಸಿಗಲಿಲ್ಲಪಾ," ಅಂದರು. "ಹೆಬ್ಬಟ್ಟಲೇ ಹಾಕಿದೆ."

ಹುಲಗಪ್ಪ ಚಿಕ್ಕೆಯನ್ನೂ ನನ್ನನ್ನೂ ನೋಡಿದ. "ಅಂದ್ರ ಮದುವಿಗಿಂತ ಮೊದಲ ಆ ದಾರ ಆಯಿ ಕೈಯಾಗಿತ್ತೇನು? ತಮ್ಮಾ, ಇದೇನೋ?"

ನಾನು ಗುಡ್ಡವ್ವನ ಕಡೆ ನೋಡಿದೆ. ಅವಳು ತೊಟ್ಟಿಲ ಹಗ್ಗ ಬಿಗಿಯುತ್ತಿದ್ದಳು.

"ನನ್ನ ಯಾಕ ನೋಡ್ತೀರಿ? ಹೇಳ್ರಲಾ. ನೀವ ಹೇಳಿದ್ರ ಛಂದ ಇರ್ತೈತಿ," ಅಂದಳು. "ಮೊದಲ ಗದ್ದಿಗಿ ಸುದ್ದಿ ಹೇಳ್ರಿ."

ಹೇಳಿದೆ. ಆ ಗದ್ದುಗೆಯನ್ನು ಯಾರೂ ಮಾಡಲಿಲ್ಲ, ಅದು ಆಯಿತು. ಉಣ್ಣೆಗೆ ಬಣ್ಣ ಹಾಕುವಾಗ ನೀರು ಬೆರಳು ತಾಳುವಷ್ಟೇ ಬಿಸಿ ಇರಬೇಕು, ಕಲಕಬಾರದು, ಹಂಡೆಯಲ್ಲೇ ತಣಿಯಲು ಬಿಡಬೇಕು. ಗುಡ್ಡವ್ವ ನೂರು ಸಲ ಹೇಳಿದ್ದಳು. ನನ್ನ ಗೊಂಡೆಗಳಿಗೆಲ್ಲ ಬಣ್ಣ ಹಾಕುತ್ತಿದ್ದವಳು ಅವಳೇ, ನಾನು ಮಾರುತ್ತಿದ್ದವನು. ಆ ದಿನ ಮಾತ್ರ, ನಾನೇ ಮಾಡುತ್ತೇನೆ, ನೀನು ಪಕ್ಕಕ್ಕೆ ಸರಿ ಎಂದೆ. ಜಾಲಿ ಕಟ್ಟಿಗೆ ತುರುಕಿ ಕೊತಕೊತ ಕುದಿಸಿದೆ, ಒನಕೆಯಿಂದ ತಿರುವಿದೆ, ಎತ್ತಿ ಬಾವಿಯ ತಣ್ಣೀರಿಗೆ ಹಾಕಿದೆ. ದೊರೆಸಾನಿಯ ಮೈಯ ಕೂದಲೆಲ್ಲ ಒಂದಕ್ಕೊಂದು ಕಚ್ಚಿಕೊಂಡು ರೊಟ್ಟಿಯಾಗಿ ಮೇಲೆದ್ದಿತು. ಒಂದು ಎಳೆಯೂ ಬಿಡಿಸಲು ಬರಲಿಲ್ಲ. ಉಳಿದದ್ದು ಅವಳ ಗಡ್ಡ ಒಂದೇ. ಹಟ್ಟಿಯ ಹಿಂದೆ ಹೋಗಿ ಅತ್ತೆ. ಕೆರೆ ತುಂಬಿತು ಎನ್ನಬೇಕೆನಿಸುತ್ತದೆ. ಹೆಗಲ ಮೇಲಿನ ವಲ್ಲಿಯ ತುದಿ ಒದ್ದೆಯಾಗಿತ್ತು.

"ಮುಂದ ನಾ ಹೇಳ್ತೇನಿ," ಅಂದಳು ಗುಡ್ಡವ್ವ. "ಗಡ್ಡದ ಕೂದಲಾ ಉಡ್ಯಾಗ ಕಟ್ಟಿಕೊಂಡು, ತವರಿಗೆ ಹೋಗ್ತೇನಿ ಅಂತ ಹೇಳಿ ಸುಳ್ಳಕ್ಕ ಹೋದೆ. ಆಯಿ ಮುಂದ ಉಡಿ ಬಿಚ್ಚಿ, ಇಷ್ಟ ಉಳದೈತ್ರಿ, ಸುರಗಿಗೆ ಸಾಲಂಗಿಲ್ಲ, ನನ್ನ ಮಗಳ ಮದುವಿ ನಿಂದರತೈತಿ ಅಂದೆ."

"ನನಗೂ ಮೊಮ್ಮಗನ ಮದುವಿ ಬೇಕಾಗಿತ್ತಲ್ಲವಾ," ಅಂದರು ಆಯಿ. "ಅಷ್ಟ ಮಂದ್ಯಾಗ ಅಂದ ಮಾತು ನುಂಗೂದು ಹೆಂಗ? ಈಕಿ ಕೂದಲಾ ಸಣ್ಣಗ ಹಿಂಜಿ ಎಳಿ ತಗದ್ಲು, ನನ್ನ ರಾಟಿ ಎಳಿ ನಾ ಕೊಟ್ಟೆ. ಎರಡೂ ಕೂಡಿಸಿ ಹೊಸೆದು, ನಮ್ಮ ಒಲಿ ಮ್ಯಾಲ ಗಡಿಗ್ಯಾಗ ಈಕಿ ಬಣ್ಣ ಹಾಕಿದ್ಲು. ಒಣಗೇತೇನು ಅಂತ ಮುಟ್ಟಿ ನೋಡಿದೆ, ಹೆಬ್ಬೆರಳ ಸುಣ್ಣ ಹತ್ತಿತು. ಇರಲಿ ಬಿಡವಾ ಅಂದೆ. ಸುಟ್ಟು ತೋರಸೂದೂ ಆವತ್ತ ಮಾತಾಡಿಕೊಂಡಿದ್ವಿ."

ಎಲ್ಲವನ್ನೂ ಬಲ್ಲ ಆಯಿ ಅಂದು ದೀಪ ತರಿಸಿದ್ದರು. ಏನೂ ತಿಳಿಯದೆ ಹಂದರದಲ್ಲಿ ನಡುಗಿದವನು ನಾನೊಬ್ಬ. ಆ ದಿನ ಗಾಳಿಯೇ ಇರಲಿಲ್ಲ. ಗುಡ್ಡವ್ವ ತಂದುಕೊಟ್ಟ ದಾರದಲ್ಲಿ ಹತ್ತಿಯ ಎಳೆ ಎಲ್ಲಿಂದ ಬಂತೆಂದು ಆಮೇಲೂ ನಾನು ಅವಳನ್ನು ಕೇಳಿರಲಿಲ್ಲ. ಕೇಳಿದರೆ ಅದು ನನ್ನ ಕೆಲಸವಲ್ಲ ಎಂದು ಒಪ್ಪಿಕೊಂಡಂತಾಗುತ್ತಿತ್ತು.

"ನಾವು ಸುಳ್ಳದಾವ್ರು ಖರೇ," ಅಂದರು ಆಯಿ, ಎಲೆ ಮಡಚಿ ಬಾಯಿಗಿಡುತ್ತ. "ಆದ್ರ ಸುಳ್ಳು ಬೆಳೆಯೋದು ಗಬ್ಬೂರಾಗ ನೋಡ್ರಿ."

ಹುಲಗಪ್ಪ ನಕ್ಕು ನಕ್ಕು ಗೋಡೆ ಹಿಡಿದ. ಬೀರಪ್ಪ ಮಾವನ ಮರ್ಯಾದೆಗೆಂದು ಹೊರಗೆ ಹೋಗಿ ನಕ್ಕ. ಶೇವಂತಿ ಕೂಸನ್ನು ಎತ್ತಿಕೊಂಡು ನನ್ನ ಮಡಿಲಿಗೆ ಹಾಕಿದಳು. "ಇರಲಿ ಬಿಡಪಾ. ನೀ ಕೂದಲಾ ಕೆಡಸಲಿಲ್ಲಂದ್ರ ಆಯಿ ಹಂತ್ಯಾಕ ಅವ್ವ ಯಾಕ ಹೋಗ್ತಿದ್ಲು?"

ಅದೊಂದು ಮಾತಿಗೆ ನನಗೆ ಮತ್ತೆ ಜೀವ ಬಂತು. ಆದರೆ ಗುಡ್ಡವ್ವ ಇನ್ನೂ ನೋಡುತ್ತಿದ್ದಳು, ಆದ್ದರಿಂದ ಉಳಿದದ್ದನ್ನೂ ಹೇಳಿಬಿಡುತ್ತೇನೆ. ಕುರಿ ಅರವತ್ತೇ. ಹೆಗಲ ಮೇಲೆ ಮೆರೆಸಿದ್ದು ಬೀರಪ್ಪನನ್ನು, ನಾನು ಹಿಂದೆ ನಡೆಯುತ್ತಿದ್ದೆ. ಕಾಮನಬಿಲ್ಲಿನಲ್ಲಿ ಹಳದಿ ಮೊದಲಿನಿಂದಲೂ ಇತ್ತು. ನಾನು ಎಸೆದ ನೀರು ಗುಡ್ಡವ್ವ ಒಣಹಾಕಿದ್ದ ಸೀರೆಯ ಮೇಲೆ ಬಿತ್ತು. ಇಡೀ ಕಂಕಣದಲ್ಲಿ ನನ್ನ ಪಾಲಿನ ಕೆಲಸ ಒಂದೇ: ದೊರೆಸಾನಿಯ ಗಡ್ಡ ಕತ್ತರಿಸುವಾಗ ಅವಳ ಕೊಂಬು ಹಿಡಿದವನು ನಾನು.

ಒಂದೇ ಕೊಂಬು. ಇನ್ನೊಂದನ್ನು ಶೇವಂತಿ ಹಿಡಿದಿದ್ದಳು.